ಹನ್ನೆರಡು ಫೋಟೋದ ರೀಲು, ಹುಡುಗಿಗೊಂದು ಕ್ಯಾಮೆರಾ

ಕಾಲೇಜಿಗೆ ಹೋಗೋ ಮಕ್ಕಳು ಈಗ ಕೇಳ್ತಾರೆ, "ಅಮ್ಮ, ಫೋಟೋ ತೆಗೆಯೋದು ಸರಿಯಾಗಿ ಕಲೀಬೇಕು, ಒಂದು ಕ್ಯಾಮೆರಾ ಕೊಡ್ಸಮ್ಮ" ಅಂತ. ಮಗ ಕೇಳಿದ್ರೆ ಮದುವೆ ಆರ್ಡರ್ ಹಿಡೀತಾನೆ ಬಿಡು ಅಂತೀವಿ. ಮಗಳು ಕೇಳಿದ್ರೆ "ಫೋನಲ್ಲೇ ತೆಗಿಯೇ, ಆ ದುಡ್ಡಿಗೆ ಓಲೆನಾದ್ರೂ ಬರ್ತೈತೆ" ಅಂತೀವಿ. ಯಾವ ಕ್ಯಾಮೆರಾ ಅನ್ನೋದಕ್ಕೆ ಮುಂಚೆ, ಅದು ನಮ್ಮಂಥೋರ ಮನೆಗೆ ಹೆಂಗೆ ಬಂತು ಅಂತ ನೋಡಾಣ. ಆರಿಸೋ ದಾರಿ ಅದರಲ್ಲೇ ಐತೆ.

ನಮ್ಮ ಬೇಲೂರು, ಹಳೇಬೀಡು ದೇವಸ್ಥಾನಗಳ ಫೋಟೋನ 1854ರಲ್ಲೇ ಲಿನಿಯಸ್ ಟ್ರೈಪ್ ಅನ್ನೋ ಕಂಪನಿ ಸೈನ್ಯದ ಅಧಿಕಾರಿ ತೆಗೆದಿದ್ದ. ಆಗ ಅದು ದೊಡ್ಡ ಪೆಟ್ಟಿಗೆ, ರಾಸಾಯನಿಕ, ಆಳುಕಾಳು ಇದ್ದೋರ ಕೆಲಸ. 1900ರಲ್ಲಿ ಅಮೆರಿಕದ ಕೊಡಾಕ್ ಕಂಪನಿ ಬ್ರೌನಿ ಅಂತ ಒಂದು ರಟ್ಟಿನ ಕ್ಯಾಮೆರಾ ಮಾಡಿ ಒಂದೇ ಡಾಲರಿಗೆ ಮಾರ್ತು. ಮಕ್ಕಳ ಕೈಗೂ ಕ್ಯಾಮೆರಾ ಬಂದಿದ್ದು ಆವಾಗಲೇ.

ನಮ್ಮ ದೇಶದಲ್ಲಿ ಆ ಕೆಲಸ ಮಾಡಿದ್ದು ಆಗ್ಫಾ ಕ್ಲಿಕ್ 3. ಬರೋಡಾದಲ್ಲಿ ತಯಾರಾಗ್ತಿತ್ತು. ನಿಮ್ಮಲ್ಲಿ ಎಷ್ಟೋ ಜನದ ಮನೆ ಬೀರುವಿನಲ್ಲಿ ಅದರ ಚೌಕಾಕಾರದ ಕಪ್ಪು ಬಿಳುಪು ಫೋಟೋ ಈಗಲೂ ಇರ್ತಾವೆ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಅಷ್ಟೇ ಅದರ ವಿದ್ಯೆ. ಒಂದು ರೀಲಿಗೆ ಹನ್ನೆರಡೇ ಫೋಟೋ. ರೀಲಿಗೂ ದುಡ್ಡು, ತೊಳೆಸೋಕೂ ದುಡ್ಡು, ಪ್ರಿಂಟಿಗೂ ದುಡ್ಡು. ಹಂಗಾಗಿ ಒಂದು ಫೋಟೋ ಕೆಟ್ರೂ ಮನೇಲಿ ಮಾತು ಬರ್ತಿತ್ತು. ಕ್ಯಾಮೆರಾ ಮಾವನ ಕೈಲೋ, ದೊಡ್ಡಪ್ಪನ ಕೈಲೋ ಇರ್ತಿತ್ತು. ನಾವು ಸೆರಗು ಸರಿ ಮಾಡ್ಕೊಂಡು ಎದುರಿಗೆ ನಿಂತ್ಕೊಳ್ಳೋರು. ಕ್ಲಿಕ್ ಅನ್ಸೋ ಸರದಿ ಹೆಂಗಸರಿಗೆ ಬರ್ಲೇ ಇಲ್ಲ.

ಬಂದ ಕಡೆ ಏನಾಯ್ತು ಅಂತ ಹೇಳ್ತೀನಿ. ಹೋಮೈ ವ್ಯಾರಾವಾಲಾ ಅಂತ, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಶುರುವಿನಲ್ಲಿ ಅವರ ಫೋಟೋಗಳು ಗಂಡನ ಹೆಸರಿನಲ್ಲಿ ಅಚ್ಚಾಗ್ತಿದ್ವು. ಆಮೇಲೆ ಸ್ವಾತಂತ್ರ್ಯ ಬಂದ ಕಾಲದ ದಿಲ್ಲಿಯನ್ನೆಲ್ಲ ತೆಗೆದ್ರು, 2011ರಲ್ಲಿ ಪದ್ಮವಿಭೂಷಣ ಬಂತು.

ಡಿಜಿಟಲ್ ಬಂದಿದ್ದೂ ನಿಧಾನವಾಗೇ. 1975ರಲ್ಲಿ ಕೊಡಾಕಿನ ಸ್ಟೀವನ್ ಸ್ಯಾಸನ್ ಅನ್ನೋ ಇಂಜಿನಿಯರ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕೆ.ಜಿ.ಗೂ ಹೆಚ್ಚು ತೂಕ. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯೋಕೆ 23 ಸೆಕೆಂಡು. 2003ರಲ್ಲಿ ಕ್ಯಾನನ್ ಕಂಪನಿ ಇಒಎಸ್ 300ಡಿ ಅನ್ನೋ ಲೆನ್ಸ್ ಬದಲಾಯಿಸೋ ಕ್ಯಾಮೆರಾನ ಮೊದಲ ಸಲ 1000 ಡಾಲರಿನ ಒಳಗೆ ಕೊಡ್ತು. ಅದಕ್ಕಿದ್ದಿದ್ದು 6 ಮೆಗಾಪಿಕ್ಸೆಲ್. ಅಷ್ಟರಲ್ಲೇ 8 ಇಂಚು 12 ಇಂಚಿನ ಒಳ್ಳೇ ಪ್ರಿಂಟ್ ಬರ್ತದೆ. ಅದ್ಕೆ ಅಂಗಡಿಯವರು ಮೆಗಾಪಿಕ್ಸೆಲ್ ಲೆಕ್ಕ ಹೇಳಿದ್ರೆ ಮರುಳಾಗಬ್ಯಾಡಿ.

ನೋಡಬೇಕಾದ್ದು ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಜಾಗ. ಮಳೆನೀರಿಗೆ ಲೋಟ ಇಟ್ರೆ ಎಷ್ಟು, ಬಾನಿ ಇಟ್ರೆ ಎಷ್ಟು, ಯೋಚನೆ ಮಾಡಿ. ಸಣ್ಣ ಜೇಬಿನ ಕ್ಯಾಮೆರಾಗಿಂತ ಡಿಎಸ್‌ಎಲ್‌ಆರ್‌ನಲ್ಲಿ ಆ ಜಾಗ ಹತ್ತು ಪಟ್ಟಿಗೂ ಹೆಚ್ಚು. ಶಿಡ್ಲಘಟ್ಟದ ಕಡೆ ಹುಳದ ಮನೆಯ ಮಬ್ಬು ಬೆಳಕಲ್ಲಿ ಚಂದ್ರಿಕೆ ಮೇಲಿನ ಗೂಡು ತೆಗೀಬೇಕು, ನಂದಿಬೆಟ್ಟದ ಬೆಳಗಿನ ಮಂಜು ತೆಗೀಬೇಕು ಅಂದ್ರೆ ಅದು ಬೇಕೇ ಬೇಕು. ಬೆಳಕು, ವೇಗ, ಫೋಕಸ್ ಮೂರನ್ನೂ ಕೈಯಲ್ಲೇ ಹೊಂದಿಸೋ ಹಂಗಿರಬೇಕು, ಇಲ್ದಿದ್ರೆ ಕಲಿಯೋಕಾಗಲ್ಲ.

ಕಂಪನಿಗಳೀಗ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ತಿರುಗಿರೋದ್ರಿಂದ, ಬಳಸಿದ ಡಿಎಸ್‌ಎಲ್‌ಆರ್ ಕಡಿಮೆಗೆ ಸಿಗ್ತವೆ. ಜೊತೆಗೆ ಬರೋ 18-55 ಲೆನ್ಸ್ ಶುರುವಿಗೆ ಸಾಕು. ದುಡ್ಡು ಮಿಕ್ಕಿದ್ರೆ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ, ಮಬ್ಬು ಬೆಳಕಿಗೆ ಅದೇ ಕೈ ಹಿಡಿಯೋದು. ಬಳಸಿದ್ದು ಕೊಳ್ಳುವಾಗ ಷಟರ್ ಎಷ್ಟು ಸಲ ಬಿದ್ದೈತೆ ಕೇಳಿ. ಲೆನ್ಸನ್ನ ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಐತಾ ನೋಡಿ. ಬ್ಯಾಟರಿ ಹಾಕಿ ಹತ್ತಾರು ಫೋಟೋ ತೆಗೆಸಿ. ಬಿಲ್ ಇಸ್ಕೊಳ್ಳಿ.

ಕಲಿಯೋಕೆ ದೂರ ಹೋಗೋದೂ ಬ್ಯಾಡ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಸಾಮಾನ್ಯ ಜನದ ದಿನನಿತ್ಯದ ಬದುಕನ್ನ ತೆಗೆದೇ ಹೆಸರು ಮಾಡಿದ್ರು, 1977ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಡೆ ಚಿಂತಾಮಣಿ ಮಾರ್ಕೆಟ್ಟು, ಗೌರಿಬಿದನೂರಿನ ಹತ್ರ ವಿದುರಾಶ್ವತ್ಥದ ನಾಗರಕಲ್ಲು, ಮನೆ ಅಂಗಳದ ಅವರೆಕಾಯಿ ರಾಶಿ, ಎಲ್ಲಾ ಐತೆ. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅನ್ನೋ ಸಂಘವೂ ಐತೆ.

ಡಿಜಿಟಲ್ ಕ್ಯಾಮೆರಾದಲ್ಲಿ ನನಗೆ ದೊಡ್ಡದು ಅನ್ಸೋದು ಒಂದೇ ವಿಷಯ. ಕೊಂಡ ಮೇಲೆ ಒಂದೊಂದು ಫೋಟೋಗೂ ದುಡ್ಡಿಲ್ಲ. ಹನ್ನೆರಡರಲ್ಲಿ ಒಂದು ಕೆಡಿಸೋಕೂ ನಮ್ಮನ್ನ ಬಿಡಲಿಲ್ಲ. ಈ ಹುಡುಗಿ ಸಾವಿರ ಕೆಡಿಸ್ಲಿ, ಅಷ್ಟು ಕೆಡಿಸಿದ ಮೇಲೇ ಕೈ ಕೂರೋದು. ಬೆಲೆ ಹೆಚ್ಚಿನದು ಕೊಡಿಸಿ "ಜೋಪಾನ, ಮುಟ್ಟಬ್ಯಾಡ" ಅಂತ ಬೀರುವಿಗೆ ಇಡೋದಕ್ಕಿಂತ, ಅಗ್ಗದ್ದು ಕೊಡಿಸಿ ದಿನಾ ಕೈಯಲ್ಲಿರೋ ಹಂಗೆ ಮಾಡಿ.