ಕೀವ್ ಅನ್ನೋ ಬಾನಿ

ಗಾಬರಿ ಬೇಡ, ಗಾಯದ ಕೀವಿಗೂ ಇದಕ್ಕೂ ಸಂಬಂಧ ಇಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಮತ್ತು ಡೆವನ್ ಕಡೆ, ಹಾಗೇ ಐರ್ಲೆಂಡಿನಲ್ಲೂ, ದೊಡ್ಡ ಬಾನಿಗೆ ಕೀವ್ ಅಂತ ಹೆಸರು. ಸಾವಿರ ವರ್ಷಕ್ಕೂ ಹಳೇ ಪದ. ಲ್ಯಾಟಿನ್ನಿನ ಕೂಪಾ, ಅಂದ್ರೆ ಪೀಪಾಯಿ, ಇದರ ಮೂಲ ಅಂತಾರೆ. ಆ ಕೂಪಾವನ್ನು ಭಾಷಾತಜ್ಞರು ಸಂಸ್ಕೃತದ ಕೂಪದ ಜೊತೆ ಇಟ್ಟು ನೋಡುತ್ತಾರೆ. ಅಲ್ಲಿಗೆ ನಮ್ಮ ಕೂಪಮಂಡೂಕಕ್ಕೂ ಇದು ದೂರದ ನೆಂಟ!

ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸುವ ತೊಟ್ಟಿಯನ್ನು ಕೀವ್ ಅಂತಲೇ ಕರೆದರು. ಬಟ್ಟೆ ಬಿಳುಪು ಮಾಡೋರಿಗೂ ಒಂದು ಕೀವ್ ಇತ್ತು. ಆದರೆ ನನಗೆ ತುಂಬಾ ಹಿಡಿಸಿದ್ದು ಕಾರ್ನ್‌ವಾಲಿನ ತವರದ ಗಣಿಯ ಕೀವ್.

ನಮ್ಮೂರ ಕಡೆ ಹೆಂಗಸರು ಅಕ್ಕಿ ಗಾಲಿಸೋದು ನೋಡಿದ್ದೀರಲ್ಲ? ಪಾತ್ರೆ ಆಡಿಸ್ತಾ ಆಡಿಸ್ತಾ ಕಲ್ಲು ತಳಕ್ಕೆ ಇಳಿಯುತ್ತೆ, ಅಕ್ಕಿ ನೀರಿನ ಜೊತೆ ಬೇರೆ ಪಾತ್ರೆಗೆ ಹೋಗುತ್ತೆ. ಗಣಿಯಲ್ಲೂ ಅದೇ ಉಪಾಯ, ಏನಂದ್ರೆ ಅಲ್ಲಿ ಬೇಕಾಗಿರೋದು ತಳದಲ್ಲಿ ಉಳಿಯೋದು. ತವರದ ಅದಿರು ನೀರಿಗಿಂತ ಸುಮಾರು 7 ಪಟ್ಟು ಭಾರ, ಜೊತೆಗಿರೋ ಮರಳು ಎರಡೂವರೆ ಪಟ್ಟು ಚಿಲ್ಲರೆ ಅಷ್ಟೇ. ಕುಟ್ಟಿ ಪುಡಿ ಮಾಡಿದ ಅದಿರನ್ನು ನೀರು ತುಂಬಿದ ಕೀವ್‌ಗೆ ಹಾಕಿ ಸಲಿಕೆಯಿಂದ ಗಿರಗಿರ ತಿರುಗಿಸೋರು. ಆಮೇಲೆ ತಿರುಗಿಸೋದು ನಿಲ್ಲಿಸಿ, ಬಾನಿಯ ಹೊರಮೈಗೆ ಸುತ್ತಿಗೆಯಿಂದ ಒಂದೇ ಸಮ ಬಡಿಯೋರು. ಆ ಅದುರಿಗೆ ಕಣಗಳು ಒಂದಕ್ಕೊಂದು ಸಿಕ್ಕಿಕೊಳ್ಳದೆ, ಭಾರದ್ದು ಕೆಳಗೆ ಜಾರಿ, ಹಗುರದ್ದು ಮೇಲೆ ಉಳಿಯೋದು. ನೀರು ಬಸಿದು ಮೇಲಿನ ಪದರ ಕೆರೆದರೆ ತಳದಲ್ಲಿ ಗಟ್ಟಿ ತವರದ ಅದಿರು. ದಿನಾ ಸಾರ್ಟಿಂಗ್ ಕೋಡ್ ಬರೆಯೋ ನಮ್ಮಂಥೋರು ಟೋಪಿ ತೆಗೀಬೇಕು.

ಈ ಕಥೆಯಲ್ಲಿ ಕೋಲಾರವೂ ಬರುತ್ತೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ತಾಮ್ರ, ತವರದ ಬೆಲೆ ಬಿದ್ದು ಕಾರ್ನ್‌ವಾಲಿನ ಗಣಿಗಳು ಸಾಲಾಗಿ ಮುಚ್ಚಿದವು. ಕೆಲಸ ಕಳಕೊಂಡೋರು ಗುಂಪುಗುಂಪಾಗಿ ಹಡಗು ಹತ್ತಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನಕ್ಕೆ ಕೈ ಹಾಕಿದ ಮೇಲೆ, ಅವರಲ್ಲಿ ಕೆಲವರು ಕೆಜಿಎಫ್‌ಗೂ ಬಂದರು. ಚಿನ್ನಕ್ಕೆ ಪಾದರಸ, ಸಯನೈಡ್ ಅಂತ ಬೇರೆಯದೇ ವಿದ್ಯೆ ಬೇಕು ಬಿಡಿ.

ಅತ್ತ ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ಬಾನಿ ಬಡಿಯೋರು ಅದಕ್ಕೂ ಎಷ್ಟೋ ಮುಂಚೆಯೇ ಹೋಗಿದ್ದರು. ಪದ ಮಾತ್ರ ಟಿಂಟಾಜೆಲ್ ಊರಿನ ಹತ್ತಿರ, ಸೇಂಟ್ ನೆಕ್ಟನ್ಸ್ ಕೀವ್ ಅನ್ನೋ ಹೆಸರಲ್ಲಿ ಉಳಿದಿದೆ. ಅಲ್ಲಿ ಜಲಪಾತದ ನೀರು ಬಿದ್ದು ಬಿದ್ದು ಬಂಡೆಯಲ್ಲಿ ಬಾನಿಯಂಥ ಗುಂಡಿ ಕೊರೆದಿದೆ. ನೀರು ಅದರೊಳಗೆ ಸುತ್ತಿ, ಬಂಡೆಯ ದುಂಡನೆ ತೂತಿನಿಂದ ಹೊರಗೆ ಹಾರುತ್ತೆ.