ಕ್ಯಾಸಲ್‌ರಾಕ್ ಕಾಡಿನಿಂದ ಕೇಳಿಬಂದ ದನಿ



ಪ್ರತಿವರ್ಷ ಆಗಸ್ಟ್ 15ರಂದು ನಮ್ಮ ದೇವಾಲಯಗಳಲ್ಲಿ ಎರಡು ಸಂಭ್ರಮಗಳು ಒಂದಾಗುತ್ತವೆ: ಸ್ವರ್ಗಸ್ವೀಕೃತ ಮಾತೆ ಮರಿಯಮ್ಮನವರ ಹಬ್ಬ ಹಾಗೂ ನಾಡಿನ ಸ್ವಾತಂತ್ರ್ಯೋತ್ಸವ. ಆದರೆ 1947ರ ಆ ದಿನ ಸ್ವಾತಂತ್ರ್ಯವು ಇಂದಿನ ಜೋಯಿಡಾ ತಾಲ್ಲೂಕಿನ ಗಡಿಯವರೆಗೆ ಬಂದು ನಿಂತಿತ್ತು. ಘಟ್ಟದ ಕೆಳಗಿನ ಗೋವೆ ಇನ್ನೂ ಹದಿನಾಲ್ಕು ವರ್ಷ ಪೋರ್ಚುಗಲ್ಲಿನ ಅಧೀನದಲ್ಲಿಯೇ ಉಳಿಯಿತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ನಮಗೆ ಗೋವೆ ಪರನಾಡಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ಕೊಂಕಣಿ. ಎಷ್ಟೋ ಮನೆತನಗಳ ಮೂಲ ಗೋವೆಯ ಹಳ್ಳಿಗಳಲ್ಲಿದೆ. ನಮ್ಮ ಸಿದ್ದಿ ಬಂಧುಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರಿಗೆ ಆಶ್ರಯವಿತ್ತದ್ದು ಈ ಸಹ್ಯಾದ್ರಿಯ ಕಾಡು. ಅದೇ ಕಾಡು ಮುಂದೆ ಗೋವೆಯ ವಿಮೋಚನೆಗೂ ಆಸರೆಯಾಯಿತು. ಆ ಸಂಗತಿಯನ್ನು ನಮ್ಮ ಮಕ್ಕಳು ತಿಳಿಯಬೇಕು.

ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ 1951ರಲ್ಲಿ ಸಂವಿಧಾನವನ್ನು ತಿದ್ದಿಸಿ, ವಸಾಹತುಗಳಿಗೆ 'ಸಾಗರೋತ್ತರ ಪ್ರಾಂತ್ಯ'ಗಳೆಂಬ ಹೊಸ ಹೆಸರಿಟ್ಟನು. ಗೋವೆ ಪೋರ್ಚುಗಲ್ಲಿನದೇ ಅಂಗವೆಂದೂ, ಅದರ ಸಂಸ್ಕೃತಿ ಕ್ರೈಸ್ತ ಹಾಗೂ ಪೋರ್ಚುಗೀಸ್ ಸಂಸ್ಕೃತಿಯೆಂದೂ ಜಗತ್ತಿಗೆ ಸಾರಲಾಯಿತು. ಆ ವೇಳೆಗೆ ಗೋವೆಯ ಜನರಲ್ಲಿ ಹೆಚ್ಚಿನವರು ಹಿಂದೂಗಳೇ ಆಗಿದ್ದರು. ಕಥೋಲಿಕರಾದರೂ ಈ ಮಾತನ್ನು ಒಪ್ಪಿ ಸುಮ್ಮನಿದ್ದರೇ? ಇಲ್ಲ. 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿಯನ್ನು ಕಟ್ಟಿದ ತ್ರಿಸ್ತಾಂವ್ ಬ್ರಗಾಂಸಾ ಕುನ್ಹಾ ಕಥೋಲಿಕ ಮನೆತನದವರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ಪೌರಹಕ್ಕುಗಳ ಚಳವಳಿಗೆ ನಾಂದಿ ಹಾಡಿದಾಗ ಅವರ ಜೊತೆಗಿದ್ದವರು ಡಾ. ಜುಲಿಯಾಂವ್ ಮಿನೇಜಸ್. ಕುನ್ಹಾ ಅವರನ್ನು ಅದೇ ವರ್ಷ ಬಂಧಿಸಿ, ಪೋರ್ಚುಗಲ್ಲಿನ ಪೆನಿಷ್ ಕೋಟೆಯ ಸೆರೆಮನೆಗೆ ಕಳುಹಿಸಲಾಯಿತು.

1955ರ ಆಗಸ್ಟ್ 15ರಂದು ಭಾರತದ ನಾನಾ ಭಾಗಗಳಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವೆಯ ಗಡಿಯನ್ನು ದಾಟಿದರು. ಕೆಲವರು ಹಿಡಿದದ್ದು ನಮ್ಮ ಕ್ಯಾಸಲ್‌ರಾಕ್ ಮಾರ್ಗವನ್ನು. ಪೋರ್ಚುಗೀಸರ ಗುಂಡಿಗೆ ಅಂದು ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಇದಾದ ಮೇಲೆ ಭಾರತ ಸರ್ಕಾರ ಗಡಿಯನ್ನು ಮುಚ್ಚಿತು. 19ನೆಯ ಶತಮಾನದಿಂದ ಕ್ಯಾಸಲ್‌ರಾಕ್ ಮೂಲಕ ಮುರಗಾಂವ್ ಬಂದರಿಗೆ ಇಳಿಯುತ್ತಿದ್ದ ರೈಲು ನಿಂತುಹೋಯಿತು. ಗೋವೆಯ ಒಳಗೆ ಮುದ್ರಣದ ಮೇಲೆ ಎಂತಹ ಕಟ್ಟುಪಾಡಿತ್ತೆಂದರೆ, ಮದುವೆಯ ಆಮಂತ್ರಣ ಪತ್ರಿಕೆಗೂ ಸರ್ಕಾರದ ಅನುಮತಿ ಬೇಕಾಗಿತ್ತು. ಹೊರಗಿನ ಸುದ್ದಿ ಒಳಗೆ ಹೋಗುವ ದಾರಿಗಳೆಲ್ಲ ಮುಚ್ಚಿದ್ದವು.

ಆಗ ತೆರೆದದ್ದು ಆಕಾಶದ ದಾರಿ. 1954ರಲ್ಲಿ ದಾದ್ರಾ ಮತ್ತು ನಗರಹವೇಲಿ ಮುಕ್ತವಾದಾಗ ಪೋರ್ಚುಗೀಸರಿಂದ ವಶಪಡಿಸಿಕೊಂಡ ನಿಸ್ತಂತು ಯಂತ್ರಗಳಿದ್ದವು. ಅವುಗಳನ್ನೇ ಬಳಸಿ 1955ರ ನವೆಂಬರ್ 25ರಂದು ಸಾವಂತವಾಡಿಯ ಬಳಿಯ ಅಂಬೋಲಿ ಕಾಡಿನಲ್ಲಿ 'ಸ್ವಾತಂತ್ರ್ಯದ ದನಿ' ಎಂಬ ಗುಪ್ತ ಬಾನುಲಿ ಕೇಂದ್ರ ಆರಂಭವಾಯಿತು. ಬಳಿಕ ಅದು ನೆಲೆಗೊಂಡದ್ದು ಕ್ಯಾಸಲ್‌ರಾಕ್ ಕಾಡಿನಲ್ಲಿ. ನಡೆಸಿದವರು ಇಬ್ಬರು ತರುಣರು: ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಒಬ್ಬರು ಹಿಂದೂ, ಇನ್ನೊಬ್ಬರು ಕಥೋಲಿಕ ಮನೆಯ ಮಗಳು.

ಮಳೆ, ಜಿಗಣೆ, ಹಾವು, ಕಾಡುಪ್ರಾಣಿಗಳ ನಡುವೆ ಅವರು ಆರು ವರ್ಷಗಳ ಕಾಲ ಪೋರ್ಚುಗೀಸ್ ಮತ್ತು ಕೊಂಕಣಿ ಭಾಷೆಗಳಲ್ಲಿ ಸುದ್ದಿಯನ್ನು ಬಿತ್ತರಿಸಿದರು. ಆಳುವವರ ಸುಳ್ಳಿಗೆ ಆಳುವವರ ಭಾಷೆಯಲ್ಲಿಯೇ ಉತ್ತರ ಹೋಯಿತು. ಆಫ್ರಿಕ, ಏಷ್ಯಗಳಲ್ಲಿ ಒಂದೊಂದಾಗಿ ದೇಶಗಳು ಸ್ವತಂತ್ರವಾಗುತ್ತಿದ್ದ ಕಾಲವದು. ನೀವು ಒಂಟಿಯಲ್ಲ ಎಂಬ ಭರವಸೆ ಬಾಗಿಲು ಮುಚ್ಚಿ ಕಿವಿಗೊಡುತ್ತಿದ್ದ ಮನೆಗಳಿಗೆ ತಲುಪುತ್ತಿತ್ತು. ಜನರೊಡನೆ ಬೆರೆಯುವ ಯೌವನದ ವರ್ಷಗಳನ್ನು ಆ ಇಬ್ಬರೂ ಮರಗಳ ನಡುವೆ ಮರೆಯಲ್ಲಿ ಕಳೆದರು.

1961ರ ಡಿಸೆಂಬರ್ 18ರಂದು ಭಾರತೀಯ ಸೇನೆ ಗೋವೆಯನ್ನು ಪ್ರವೇಶಿಸಿತು. ಒಂದು ಬ್ರಿಗೇಡ್ ಇಳಿದದ್ದು ನಮ್ಮ ಜೋಯಿಡಾ ತಾಲ್ಲೂಕಿನ ಅನಮೋಡದಿಂದ. ಕೊನೆಯ ಉಸಿರಿನವರೆಗೂ ಹೋರಾಡಬೇಕು, ಶರಣಾಗಕೂಡದು ಎಂಬುದು ಸಲಜಾರನ ಆಜ್ಞೆಯಾಗಿತ್ತು. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಅದನ್ನು ಪಾಲಿಸಲಿಲ್ಲ. 19ರ ಸಂಜೆ ಶರಣಾದರು. ಅದಕ್ಕಾಗಿ ಅವರನ್ನು ಸೇನೆಯಿಂದ ಹೊರಹಾಕಲಾಯಿತು. ಭಾರತದ 22 ಯೋಧರೂ ಪೋರ್ಚುಗೀಸರ ಕಡೆಯ ಸುಮಾರು 30 ಮಂದಿಯೂ ಆ ಎರಡು ದಿನಗಳಲ್ಲಿ ಮಡಿದರು. ಅವರೂ ಯಾವುದೋ ತಾಯಂದಿರ ಮಕ್ಕಳು. ಅವರಿಗಾಗಿಯೂ ನಮ್ಮ ಪ್ರಾರ್ಥನೆ ಸಲ್ಲಬೇಕು. ಆಜ್ಞೆ ಪಾಲನೆಯಾಗಿದ್ದರೆ ಸಾವಿನ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ! 451 ವರ್ಷಗಳ ಆಳ್ವಿಕೆ ಮುಗಿದ ಆ ವಾರ್ತೆಯನ್ನು ವಾಮನ ಮತ್ತು ಲಿಬಿಯಾ ವಿಮಾನವೇರಿ ಗೋವೆಯ ಆಕಾಶದಿಂದಲೇ ಸಾರಿದರು. ಮುಂದೆ ಅವರಿಬ್ಬರೂ ಸತಿಪತಿಗಳಾದರು. ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ 2025ರಲ್ಲಿ, ಅವರ ನೂರನೆಯ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿ ಸಂದಿತು.

ಕ್ರೈಸ್ತರ ನಿಷ್ಠೆ ಎಲ್ಲಿಯದು ಎಂಬ ಪ್ರಶ್ನೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೋ ಬಸ್ಸಿನಲ್ಲಿಯೋ ಒಮ್ಮೆಯಾದರೂ ಎದುರಿಸುತ್ತಾರೆ. ಆಗ ಅವರು ಕೋಪಗೊಳ್ಳಬೇಕಾಗಿಲ್ಲ, ತಲೆತಗ್ಗಿಸಬೇಕಾಗಿಯೂ ಇಲ್ಲ. ಕುನ್ಹಾ, ಮಿನೇಜಸ್, ಲೋಬೊ ಎಂಬ ಹೆಸರುಗಳನ್ನು ಅವರು ಬಲ್ಲವರಾಗಿದ್ದರೆ ಸಾಕು. ಕ್ರಿಸ್ತನ ಹೆಸರಿನಲ್ಲಿ ಆಳುತ್ತೇವೆಂದವರ ಎದುರಿಗೆ ನಿಂತು ನ್ಯಾಯವನ್ನು ಕೇಳಿದವರು ಇವರು. ಸತ್ಯವು ನಿಮ್ಮನ್ನು ಸ್ವತಂತ್ರರನ್ನಾಗಿಸುವುದು ಎಂಬ ಪ್ರಭುವಿನ ಮಾತಿನ ಅರ್ಥವನ್ನು ಬದುಕಿ ತೋರಿಸಿದವರು ಇವರು.

ಈಗ ಕ್ಯಾಸಲ್‌ರಾಕ್ ದಾರಿಯಲ್ಲಿ ಜನರು ದೂಧಸಾಗರದ ಸೊಬಗನ್ನು ಕಾಣಲು ಸಾಗುತ್ತಾರೆ. ನೀವೂ ಮಕ್ಕಳೊಡನೆ ಹೋದಾಗ, ರೈಲು ನಿಲ್ದಾಣದಲ್ಲಿ ನಿಂತು ಸುತ್ತಲಿನ ಕಾಡನ್ನು ತೋರಿಸಿರಿ. ಅಲ್ಲಿ ಇಬ್ಬರು ಕುಳಿತು ಒಂದು ನಾಡಿನೊಡನೆ ಆರು ವರ್ಷ ಮಾತನಾಡಿದರು ಎಂದು ಹೇಳಿರಿ.