ಐಪಾಡ್ ಗೆದ್ದಿದ್ದು ಬೀಗದಿಂದಲೋ, ಮೆಮೊರಿ ಚಿಪ್‌ನಿಂದಲೋ?

2014ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕೋರ್ಟಿನಲ್ಲಿ ವಿಚಿತ್ರ ವಿಚಾರಣೆಯೊಂದು ನಡೆಯಿತು. ಆಪಲ್ ತನ್ನ ಐಪಾಡ್‌ಗೆ ಬೀಗ ಹಾಕಿ ಬೇರೆ ಕಂಪನಿಗಳನ್ನು ಹೊರಗಿಟ್ಟಿತು, ಅದರಿಂದ ಗ್ರಾಹಕರು ಹೆಚ್ಚು ದುಡ್ಡು ತೆರಬೇಕಾಯಿತು ಅನ್ನೋದು ಆರೋಪ. ಕೇಳಿದ ಪರಿಹಾರ ಸುಮಾರು 35 ಕೋಟಿ ಡಾಲರ್. ಕೇಸು ಹಾಕಿದ್ದು 2005ರಲ್ಲಿ. ಅದು ಜ್ಯೂರಿ ಮುಂದೆ ಬರುವಷ್ಟರಲ್ಲಿ ಸ್ಟೀವ್ ಜಾಬ್ಸ್ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಹಳೇ ಹೇಳಿಕೆಯ ವಿಡಿಯೊ ಹಾಕಿ ತೋರಿಸಿದರು. ಮುಖ್ಯ ಫಿರ್ಯಾದಿಗಳ ಐಪಾಡ್ ಖರೀದಿ ಕೇಸಿನ ಅವಧಿಗೆ ಹೊಂದಲಿಲ್ಲ ಅಂತ ಅವರನ್ನು ಕೈಬಿಟ್ಟು, ವಿಚಾರಣೆಯ ನಡುವೆಯೇ ಹೊಸಬರನ್ನು ಹುಡುಕಬೇಕಾಯಿತು. ಕೊನೆಗೆ ಜ್ಯೂರಿ ಒಮ್ಮತದಿಂದ ಆಪಲ್ ಪರ ನಿಂತಿತು.

ಅಷ್ಟು ಹೊತ್ತಿಗೆ ಐಪಾಡನ್ನು ಕೇಳೋರೇ ಕಡಿಮೆಯಾಗಿದ್ದರು.

ಎಂಪಿ3 ಪ್ಲೇಯರ್ ಆಪಲ್ ಕಂಡುಹಿಡಿದದ್ದಲ್ಲ. 1998ರಲ್ಲೇ ಕೊರಿಯಾದ ಎಂಪಿಮ್ಯಾನ್ ಮತ್ತು ಅಮೆರಿಕದ ರಿಯೊ ಬಂದಿದ್ದವು. ರಿಯೊದಲ್ಲಿದ್ದದ್ದು 32 ಎಂಬಿ, ಅಂದರೆ ಹೆಚ್ಚೂಕಡಿಮೆ ಒಂದು ಆಲ್ಬಮ್. 2000ದಲ್ಲಿ ಸಿಂಗಪುರದ ಕ್ರಿಯೇಟಿವ್ ಹಾರ್ಡ್ ಡಿಸ್ಕ್ ಇರುವ ಪ್ಲೇಯರ್ ತಂದಿತು. ಗಾತ್ರ ಮಾತ್ರ ಸಿಡಿ ಪ್ಲೇಯರ್‌ನಷ್ಟು. 2001ರ ಅಕ್ಟೋಬರಿನಲ್ಲಿ ಆಪಲ್ ತೋಶಿಬಾದ 1.8 ಇಂಚಿನ ಪುಟ್ಟ ಡಿಸ್ಕ್ ಹಾಕಿ 5 ಜಿಬಿಯನ್ನು ಜೇಬಿಗೆ ತಂದಿತು. ಬೆಲೆ 399 ಡಾಲರ್. ಮುಂದೆ ಕ್ರಿಯೇಟಿವ್, ಮೆನು ಜೋಡಣೆಯ ಪೇಟೆಂಟ್ ತನ್ನದು ಅಂತ ಹಟ ಹಿಡಿದು 2006ರಲ್ಲಿ ಆಪಲ್‌ನಿಂದ 10 ಕೋಟಿ ಡಾಲರ್ ಪಡೆಯಿತು. ಪೇಟೆಂಟಿನಲ್ಲಿ ಗೆದ್ದರೂ ಮಾರುಕಟ್ಟೆ ಕೈಗೆ ಬರಲಿಲ್ಲ.

ಬೀಗದ ಕಥೆ ಶುರುವಾಗಿದ್ದು 2003ರಲ್ಲಿ, ಐಟ್ಯೂನ್ಸ್ ಅಂಗಡಿ ತೆರೆದಾಗ. ಒಂದು ಹಾಡಿಗೆ 99 ಸೆಂಟ್. ಕೊಂಡ ಹಾಡು ಫೇರ್‌ಪ್ಲೇ ಅನ್ನೋ ಗೂಢಲಿಪಿಯಲ್ಲಿ ಬರುತ್ತಿತ್ತು. ಅದನ್ನು ಬಿಡಿಸುವ ಕೀಲಿ ನಿಮ್ಮ ಖಾತೆಗೆ ಕಟ್ಟಿಹಾಕಿದ್ದು. ಬೀಗ ಬೇಕು ಅಂದದ್ದು ಸಂಗೀತ ಕಂಪನಿಗಳು, ನಿಜ. ಆದರೆ ಬೇರೆ ಪ್ಲೇಯರ್ ತಯಾರಕರಿಗೆ ಕೀಲಿ ಕೊಡದಿರುವ ನಿರ್ಧಾರ ಆಪಲ್‌ನದು. 2004ರಲ್ಲಿ ರಿಯಲ್‌ನೆಟ್‌ವರ್ಕ್ಸ್ ತನ್ನ ಅಂಗಡಿಯ ಹಾಡು ಐಪಾಡ್‌ನಲ್ಲಿ ಓಡುವ ದಾರಿ ಕಂಡುಕೊಂಡಾಗ, ಇದು ಹ್ಯಾಕರ್‌ಗಳ ಕೆಲಸ ಅಂತ ಆಪಲ್ ಸಿಟ್ಟಾಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಆ ದಾರಿ ಮುಚ್ಚಿತು.

ಹಾಗಾದರೆ ಗೆಲುವು ಬೀಗದಿಂದಲೇ ಬಂತಾ? 2007ರ ಬಹಿರಂಗ ಪತ್ರದಲ್ಲಿ ಜಾಬ್ಸ್ ಒಂದು ಲೆಕ್ಕ ಕೊಟ್ಟರು: ಮಾರಿದ ಒಂದು ಐಪಾಡ್‌ಗೆ ಅಂಗಡಿಯಲ್ಲಿ ಕೊಂಡದ್ದು ಸರಾಸರಿ 22 ಹಾಡು, ಸರಾಸರಿ ಐಪಾಡ್‌ನಲ್ಲಿರುವ ಸಂಗೀತದ 3 ಪರ್ಸೆಂಟಿಗಿಂತ ಕಡಿಮೆ. ಉಳಿದದ್ದೆಲ್ಲ ಬೀಗವಿಲ್ಲದ ಹಾಡು. ಆರೋಪ ಹೊತ್ತವರೇ ಕೊಟ್ಟ ಲೆಕ್ಕ, ಮೇಲಾಗಿ ಸರಾಸರಿ. ನೂರಾರು ಹಾಡು ಕೊಂಡವರು ಅದರೊಳಗೆ ಕಾಣೋದಿಲ್ಲ. ಆದರೂ ಬೀಗ ಒಂದೇ ಸಾಲದು ಅನ್ನೋದು ನನ್ನ ಅಭಿಪ್ರಾಯ.

ಇಂಜಿನಿಯರಿಂಗ್ ಓದಿದ ಚಾಳಿಯೋ ಏನೋ, ನನ್ನ ಕಣ್ಣು ಹೋಗೋದು ಬಿಡಿಭಾಗಗಳ ಕಡೆಗೆ. 2005ರ ಸೆಪ್ಟೆಂಬರಿನಲ್ಲಿ ಹಾರ್ಡ್ ಡಿಸ್ಕ್ ಬಿಟ್ಟು ಫ್ಲ್ಯಾಶ್ ಮೆಮೊರಿಯ ಐಪಾಡ್ ನ್ಯಾನೊ ಬಂತು. ನವೆಂಬರಿನಲ್ಲಿ ಆಪಲ್, ಸ್ಯಾಮ್‌ಸಂಗ್, ಹೈನಿಕ್ಸ್, ತೋಶಿಬಾ, ಇಂಟೆಲ್, ಮೈಕ್ರಾನ್ ಜೊತೆ 2010ರವರೆಗಿನ ಒಪ್ಪಂದ ಮಾಡಿಕೊಂಡು, ಒಟ್ಟು 125 ಕೋಟಿ ಡಾಲರ್ ಮುಂಗಡ ಕೊಡುವುದಾಗಿ ಪ್ರಕಟಿಸಿತು. ಐದೂ ದೊಡ್ಡ ಕಾರ್ಖಾನೆಗಳವರು! ಫ್ಲ್ಯಾಶ್ ಪ್ಲೇಯರ್‌ನಲ್ಲಿ ದುಬಾರಿ ಭಾಗವೇ ಮೆಮೊರಿ. ಅಷ್ಟು ಮುಂಗಡ ಎಣಿಸಲಾಗದ ಸಣ್ಣ ಕಂಪನಿ ಉಳಿದ ಮಾಲನ್ನು ಸಿಕ್ಕ ಬೆಲೆಗೆ ಕೊಂಡು ಅದೇ ಬೆಲೆಗೆ ಪ್ಲೇಯರ್ ಮಾರೋದು ಹೇಗೆ? ಇದು ಕಾನೂನುಬಾಹಿರ ಅಂತ ನಾನು ಹೇಳುತ್ತಿಲ್ಲ. ಓಕ್ಲೆಂಡ್ ಕೇಸಿನಲ್ಲಿ ಇದು ವಿಷಯವೇ ಆಗಿರಲಿಲ್ಲ.

ಎದುರಾಳಿಗಳೂ ಕಾಲು ಜಾರಿದರು. ಸ್ವಂತ ಸಂಗೀತ ಕಂಪನಿ ಇಟ್ಟುಕೊಂಡಿದ್ದ ಸೋನಿ, ತನ್ನ ಹಾರ್ಡ್ ಡಿಸ್ಕ್ ವಾಕ್‌ಮನ್‌ನಲ್ಲಿ ಎಂಪಿ3 ನೇರವಾಗಿ ಓಡಿಸಲು 2004ರ ಕೊನೆಯವರೆಗೂ ಒಪ್ಪಲಿಲ್ಲ. ಮೈಕ್ರೋಸಾಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ: ಹತ್ತಾರು ತಯಾರಕರನ್ನು ತನ್ನ ಪ್ಲೇಸ್‌ಫಾರ್‌ಶೂರ್ ಬೀಗಕ್ಕೆ ಒಪ್ಪಿಸಿ, 2006ರಲ್ಲಿ ಜೂನ್ ಅನ್ನೋ ಸ್ವಂತ ಪ್ಲೇಯರ್ ತಂದಿತು. ಅದರಲ್ಲಿ ಪ್ಲೇಸ್‌ಫಾರ್‌ಶೂರ್ ಹಾಡುಗಳೇ ಓಡುತ್ತಿರಲಿಲ್ಲ.

ಬೀಗ ತೆಗೆಸಿದ್ದು ಕೋರ್ಟಲ್ಲ, ಆಪಲ್ ಹಿಡಿತಕ್ಕೆ ಹೆದರಿದ ಸಂಗೀತ ಕಂಪನಿಗಳು. 2007ರಲ್ಲಿ ಇಎಂಐ ಒಪ್ಪಿತು. ಅದೇ ವರ್ಷ ಅಮೆಜಾನ್ ಬೀಗವಿಲ್ಲದ ಎಂಪಿ3 ಮಾರತೊಡಗಿತು. 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ಪೂರ್ತಿ ಹೋಗುವ ಹೊತ್ತಿಗೆ ಜನ ಫೋನಿನಲ್ಲಿ ಹಾಡು ಕೇಳಲು ಶುರುಮಾಡಿದ್ದರು.

ತೀರ್ಪು ಬರುವ ಮುಂಚೆ ಮಾರುಕಟ್ಟೆಯೇ ಸತ್ತುಹೋಗುವ ಈ ರಗಳೆ ತಪ್ಪಿಸಲೆಂದೇ ಯುರೋಪ್ ಮೊದಲೇ ನಿಯಮ ಹಾಕುವ ಕಾನೂನು ಮಾಡಿತು. ನಮ್ಮಲ್ಲೂ 2024ರ ಮಾರ್ಚಿನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂತು. ಸರ್ಚ್ ಎಂಜಿನ್, ಸೋಷಿಯಲ್ ಮೀಡಿಯಾ, ಆಪರೇಟಿಂಗ್ ಸಿಸ್ಟಮ್, ಬ್ರೌಸರ್, ಕ್ಲೌಡ್, ಜಾಹೀರಾತು ಎಲ್ಲ ಅದರ ಪಟ್ಟಿಯಲ್ಲಿವೆ. ಮುಂಗಡ ಕೊಟ್ಟು ಕಾರ್ಖಾನೆಯ ಚಿಪ್‌ಗಳನ್ನೇ ಬುಕ್ ಮಾಡಿಕೊಳ್ಳುವ ಆಟ ಆ ಪಟ್ಟಿಯಲ್ಲಿಲ್ಲ.